ಒಂಬತ್ತನೇ ಸಾಲು, ನಾಲ್ಕನೇ ಜಾಗ

೧೬ ಫೆಬ್ರವರಿ ೨೦೨೫, ರವಿವಾರ

ಇಂದು ಸಂಜೆ ೪-೩೦ಕ್ಕೆ ಪ್ರಸಾದನ ಮಣ್ಣಾಯಿತು. ಚರ್ಚ್ ಸಭೆಯ ಕಾರ್ಯದರ್ಶಿಯಾಗಿ ನಾನು ಅಲ್ಲಿ ಇರಬೇಕಿತ್ತು, ಇರಲಾಗಲಿಲ್ಲ. ಹೆಂಡತಿ ರಜನಿಯ ಅಣ್ಣನ ಮೊಮ್ಮಗುವಿನ ದೀಕ್ಷಾಸ್ನಾನಕ್ಕೆ ಬೆಳಿಗ್ಗೆಯೇ ಗದಗಿಗೆ ಹೋಗಿದ್ದೆವು.

ಪ್ರಸಾದನಿಗೆ ಇಪ್ಪತ್ತಾರು ವರ್ಷ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮಷಿನ್ ಮೇಲೆ ಕೆಲಸ. ನಿನ್ನೆ ಸಂಜೆ ಪಾಳಿ ಮುಗಿಸಿ ಬೈಕಿನಲ್ಲಿ ಧಾರವಾಡಕ್ಕೆ ಬರುವಾಗ, ದೀಪವಿಲ್ಲದೆ ರಸ್ತೆ ಬದಿಗೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಹೊಡೆದ. ೭-೧೫ಕ್ಕೆ ಹೊಡೆದದ್ದು, ಏಳೂವರೆಗೆ ಪ್ರಾಣ ಹೋಗಿತ್ತು. ಮೇ ೧೪ಕ್ಕೆ ಮದುವೆ ಗೊತ್ತಾಗಿತ್ತು. ತಂದೆ ಇಲ್ಲ. ತಾಯಿ ಮಾರ್ಥವ್ವ ಸಪ್ತಾಪುರದ ಹುಡುಗಿಯರ ಪಿ.ಜಿ.ಯೊಂದರಲ್ಲಿ ಅಡುಗೆಯವರು.

ಇಂದು ಬೆಳಿಗ್ಗೆ ಗದಗಿನಲ್ಲಿದ್ದಾಗ ಪಾಸ್ಟರು ೯-೧೦ಕ್ಕೆ ಫೋನ್ ಮಾಡಿ ಸ್ಮಶಾನದಲ್ಲಿ ಜಾಗ ಕೇಳಿದರು. ನಕಾಶೆಯ ಚಿತ್ರ ಮೊಬೈಲಿನಲ್ಲೇ ಇತ್ತು. ಒಂಬತ್ತನೇ ಸಾಲು, ನಾಲ್ಕನೇ ಜಾಗ ಖಾಲಿ ಎಂದು ಹೇಳಿದೆ. ಕುಣಿ ತೋಡುವ ಸಿದ್ದಪ್ಪನಿಗೂ ನಾನೇ ತಿಳಿಸಿದೆ. ರಾತ್ರಿ ಬಂದು ರಿಜಿಸ್ಟರಿನಲ್ಲಿ ಬರೆದೆ. ಕ್ರಮ ಸಂಖ್ಯೆ ೧೧೪೭.

೨೦ ಫೆಬ್ರವರಿ, ಗುರುವಾರ

ಸುಗುಣಾ ಅಕ್ಕೋರ ಮನೆಗೆ ಹೋಗಿದ್ದೆ. ವಯಸ್ಸು ೮೩. ನಾನು ಸಂಡೇ ಸ್ಕೂಲಿನಲ್ಲಿ ಇವರ ಕೈಯಲ್ಲೇ ಕಲಿತವನು. ಡಿಸೆಂಬರಿನಲ್ಲಿ ಬಿದ್ದ ಮೇಲೆ ಗುಡಿಗೆ, ಅಂದರೆ ಚರ್ಚಿಗೆ, ಬರಲಾಗುತ್ತಿಲ್ಲ. ಹಗಲು ನೋಡಿಕೊಳ್ಳಲು ಯಾಸ್ಮಿನ ಎಂಬ ಹುಡುಗಿ ಬರುತ್ತಾಳೆ.

ಇವತ್ತು ಟ್ರಂಕ್ ತೆಗೆಸಿ ತೋರಿಸಿದರು. ಇಡೀ ಸಭೆಗೆ ಗೊತ್ತಿರುವ ಟ್ರಂಕ್. ಬಿಳಿ ಸೀರೆ, ಬಿಳಿ ಕುಪ್ಪಸ, ಹಾಡಬೇಕಾದ ಮೂರು ಕೀರ್ತನೆಗಳ ನಂಬರು, ಪೆಟ್ಟಿಗೆ ಹೊರುವ ಆರು ಜನರ ಪಟ್ಟಿ. ಪಟ್ಟಿಯಲ್ಲಿ ನಾನು ಮೂರನೆಯವನು.

"ಈ ಆರರಾಗ ಇಬ್ಬರು ನನಗಿಂತ ಮೊದಲ ಹೋಗ್ಯಾರ ನೋಡು ಜಯಕರಾ. ಎಂಥಾ ಬೇಜವಾಬ್ದಾರಿ ಮಂದಿ!"

ಯಾಸ್ಮಿನ ನಗುತ್ತ, "ಸರ್, ಅಜ್ಜಿ ಆ ಸೀರಿಗೆ ತಿಂಗಳಿಗೊಮ್ಮಿ ಇಸ್ತ್ರಿ ಮಾಡಸ್ತಾರ್ರಿ. ಗುಳಿಗಿ ಮಾತ್ರ ದಿಂಬಿನ ಬುಡಕ ಇಡ್ತಾರ" ಎಂದಳು.

"ನೀ ಸುಮ್ನಿರ. ಸೀರಿ ಬೇಕಾಗೂದು ಖರೇ, ಗುಳಿಗಿ ಬೇಕಾಗೂದು ಏನ ಗ್ಯಾರಂಟಿ?"

ಏಳುವಾಗ ಹೇಳಿದರು: "ನನ್ನ ಜಾಗದಾಗ ಹುಲ್ಲು ಬೆಳದಿರಬೇಕು. ಸಿದ್ದಪ್ಪಗ ತಗಿಯಾಕ ಹೇಳು."

"ಯಾವ ಜಾಗ ಅಕ್ಕೋರ?"

"ಮಾಸ್ತರ ಬಾಜೂಕಿಂದು. ಅವರು ಹೋದಾಗ ೨೦೦೯ರಾಗ ಬರಸೇನಲ್ಲ. ಅಲ್ಲಿ ಹೋಗಿ ಅಡ್ಡಾದ್ರ ಮುಗೀತು. ಇಷ್ಟ ತಡಾ ಯಾಕ ಅಂತ ಅವರು ಕೇಳೂದು, ಬಸ್ ಸಿಗಲಿಲ್ಲ ಅಂತ ನಾ ಹೇಳೂದು."

ಅವರ ಗಂಡ ಎಲಿಷಾ ಮಾಸ್ತರರ ಸಮಾಧಿ ಯಾವ ಸಾಲಿನಲ್ಲಿದೆ ಎಂದು ನಿಂತಲ್ಲೇ ನೆನಪಿಸಿಕೊಂಡೆ. ಒಂಬತ್ತು. ಜಾಗ ಮೂರು.

೨೧ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ೭-೨೦ಕ್ಕೆ ಸ್ಮಶಾನಕ್ಕೆ ಹೋದೆ. ಒಂಬತ್ತನೇ ಸಾಲಿನಲ್ಲಿ ಒಂದು, ಎರಡು ೧೯೮೭ರ ಸಮಾಧಿಗಳು. ಮೂರು ಎಲಿಷಾ ಮಾಸ್ತರರದು. ನಾಲ್ಕು ಪ್ರಸಾದನದು. ಅದರಾಚೆ ಕಾಲುದಾರಿ. ಪ್ರಸಾದನ ಕುಣಿಯ ಮಣ್ಣನ್ನು ಮಾಸ್ತರರ ಕಲ್ಲಿನ ಮೇಲೆ ಒಟ್ಟಿದ್ದರು. ಅರ್ಧ ಮಣ್ಣು ಇನ್ನೂ ಅಲ್ಲೇ ಇದೆ. ಅಂದು ಬಂದವರಿಗೆ ಕಲ್ಲಿನ ಮೇಲಿನ ಹೆಸರು ಕಂಡಿರಲಿಕ್ಕಿಲ್ಲ.

ಸಿದ್ದಪ್ಪನನ್ನು ಕೇಳಿದೆ.

"ನನಗ ಅನುಮಾನ ಬಂದಿತ್ರಿ. ಮಾಸ್ತರ ಬಾಜೂ ಅಕ್ಕೋರದಲ್ಲೇನು ಅಂತ. ಆದ್ರ ನಕಾಶಿ ನಿಮ್ಮದು. ನಕಾಶಿ ಸುಳ್ಳು ಹೇಳಂಗಿಲ್ಲ ಅಂತ ನೀವ ಹೇಳ್ತಿದ್ರಿ."

ಹೌದು, ಹೇಳುತ್ತಿದ್ದೆ. ಮೂವತ್ತೊಂದು ವರ್ಷ ಸರ್ವೆ ಆಫೀಸಿನಲ್ಲಿ ಅದನ್ನೇ ಹೇಳಿದ್ದೇನೆ.

ಅಲ್ಲಿಂದ ಗುಡಿಯ ಆಫೀಸಿಗೆ ಹೋಗಿ ಹಳೆಯ ರಿಜಿಸ್ಟರ್ ತೆಗೆಸಿದೆ. ೨೦೨೧ರಲ್ಲಿ ಅದಕ್ಕೆ ಗೆದ್ದಲು ಹಿಡಿದಾಗ ಹೊಸ ಪುಸ್ತಕಕ್ಕೆ ನಕಲು ಮಾಡಿದವನು ನಾನೇ. ಅದರಿಂದಲೇ ನಕಾಶೆ ಬರೆದೆ. ಮೊದಲ ಪುಟದಿಂದ ಕೊನೆಯ ಸಾವಿನವರೆಗೆ ಒಂದೂ ಬಿಟ್ಟಿಲ್ಲ. ಆಮೇಲೆ ಹನ್ನೆರಡು ಖಾಲಿ ಹಾಳೆ. ಹನ್ನೆರಡರ ಆಚೆ ಕೊನೆಯ ಹಾಳೆಯಲ್ಲಿ "ಕಾಯ್ದಿಟ್ಟ ಜಾಗಗಳು" ಎಂಬ ತಲೆಬರಹದ ಕೆಳಗೆ ಮೂರು ಹೆಸರು. ಇಬ್ಬರು ಊರು ಬಿಟ್ಟು ಹೋಗಿ ಬೇರೆ ಕಡೆ ಮಣ್ಣಾದರು. ಮೂರನೆಯದು: ಸುಗುಣಾಬಾಯಿ ಎಲಿಷಾ, ಸಾಲು ೯, ಜಾಗ ೪.

ಸತ್ತವರನ್ನೆಲ್ಲ ನಕಲು ಮಾಡಿದ್ದೆ. ಬದುಕಿದ್ದವರ ಪುಟ ತಿರುವಿ ನೋಡಿರಲಿಲ್ಲ.

೨೩ ಫೆಬ್ರವರಿ, ರವಿವಾರ

ರಜನಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಇವತ್ತ ಹೋಗಿ ಹೇಳಿಬಿಡ್ರಿ."

"ಹೇಳಿದ್ರ ಅವರು ತಡಕೋತಾರೇನು, ಈ ವಯಸ್ಸಿನ್ಯಾಗ?"

"ಯಾರು ತಡಕೋಬೇಕ್ರೀ, ಅಕ್ಕೋರೋ ನೀವೋ?"

ಆರಾಧನೆ ಮುಗಿದ ಮೇಲೆ ಪಾಸ್ಟರ ಹತ್ತಿರ ಮಾತಾಡಿದೆ. ಅವರಿಗೆ ಮೂವತ್ತನಾಲ್ಕು. ನಮ್ಮ ಸಭೆಗೆ ಬಂದು ಒಂದೂವರೆ ವರ್ಷ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ಅಣ್ಣಾ, ಪುನರುತ್ಥಾನದ ದಿನ ಸಾಲು, ನಂಬರು ಯಾರ ಕೇಳ್ತಾರ್ರಿ?"

"ಹಂಗಾದ್ರ ಇಷ್ಟು ವರ್ಷ ಸಭೆಯವರು ನನ್ನ ಕಡಿಂದ ಯಾಕ ಬರಸಿದ್ರು?"

ಅವರು ಕಾನೂನಿನ ಮಾತಿಗೆ ಬಂದರು. ಹೂತವರನ್ನು ಎತ್ತಬೇಕಾದರೆ ಸರಕಾರದ ಅನುಮತಿ ಬೇಕು, ಅದಕ್ಕೂ ಮೊದಲು ತಾಯಿ ಒಪ್ಪಬೇಕು, ತಾವಂತೂ ಕೇಳುವುದಿಲ್ಲ, ಬೇಕಿದ್ದರೆ ನೀವು ಕೇಳಿನೋಡಿ ಎಂದರು. ಕಮಿಟಿ ಈಗ ಯಾರಿಗೂ ಜಾಗ ಕಾಯ್ದಿಡುವುದಿಲ್ಲ. ಮಾಸ್ತರರ ಇನ್ನೊಂದು ಪಕ್ಕದಲ್ಲಿ ೧೯೮೭ರವರು ಇದ್ದಾರೆ. ಅಂದರೆ ಅಕ್ಕೋರಿಗೆ ಆ ಸಾಲಿನಲ್ಲಿ ಜಾಗವಿಲ್ಲ, ಪ್ರಸಾದನನ್ನು ಎತ್ತದ ಹೊರತು.

೨ ಮಾರ್ಚ್, ರವಿವಾರ

ಕೇಳಲೆಂದೇ ೩-೧೫ಕ್ಕೆ ಸಪ್ತಾಪುರಕ್ಕೆ ಹೋದೆ. ಮಾರ್ಥವ್ವ ಮಗ ಸತ್ತ ಎಂಟನೇ ದಿನಕ್ಕೇ ಕೆಲಸಕ್ಕೆ ಮರಳಿದ್ದರಂತೆ. ಅರವತ್ತೆರಡು ಹುಡುಗಿಯರಿಗೆ ಚಪಾತಿ ಹಿಟ್ಟು ನಾದುತ್ತಿದ್ದರು. ಕೂಡಲು ಒಂದು ಡಬ್ಬಿ ಬೋರಲು ಹಾಕಿ ಕೊಟ್ಟರು.

ನಾನು ಬಾಯಿ ತೆರೆಯುವ ಮೊದಲು ಅವರೇ ಕೇಳಿದರು. "ಅಣ್ಣಾರ, ನೀವು ರಿಜಿಸ್ಟರ ಬರಿಯೋರು. ನಮ್ಮ ಪ್ರಸಾದ ತಯಾರಿದ್ದ ಅಂತ ಬರದೀರೇನ್ರಿ?"

ಅರ್ಥವಾಗಲಿಲ್ಲ.

"ಮಣ್ಣಿನ ದಿನ ಪಾಸ್ಟರು ಹೇಳಿದ್ರಲ್ಲರೀ. ಗಳಿಗಿ ಯಾರಿಗೂ ಗೊತ್ತಿಲ್ಲ, ಕಳ್ಳ ಬಂದಾಂಗ ಬರ್ತೈತಿ, ಯಾವಾಗಲೂ ತಯಾರಿರಬೇಕು ಅಂತ. ನಮ್ಮ ಹುಡುಗ ಮೂರು ವರ್ಷ ಗುಡಿಗಿ ಬಂದಿಲ್ರಿ. ರವಿವಾರ ಓಟಿ ಡ್ಯೂಟಿ ಇರ್ತಿತ್ತು. ಮದುವಿ ಆದಮ್ಯಾಲೆ ಇಬ್ರೂ ಬರ್ತೀವಿ ಬಿಡಬೇ ಅಂತಿದ್ದ. ಅಂವಾ ತಯಾರಿದ್ನೇನ್ರಿ?"

ರಿಜಿಸ್ಟರಿನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ್ದು, ದೀಕ್ಷಾಸ್ನಾನ, ದೃಢೀಕರಣ, ಸತ್ತದ್ದು, ಕಾರಣ, ಜಾಗ, ನಡೆಸಿದವರು, ಹೀಗೆ ಒಂಬತ್ತು ಅಂಕಣಗಳಿವೆ. ಅವರು ಕೇಳಿದ್ದಕ್ಕೆ ಅಂಕಣವಿಲ್ಲ. ಹಾಗೆಂದು ಹೇಳಿದೆ.

"ಹೌದ್ರಿ?" ಎಂದರು. ಮತ್ತೆ ಹಿಟ್ಟಿಗೆ ಕೈ ಹಾಕಿ, "ದೇವರಿಗೆ ಕಳ್ಳ ಅನ್ನಬಹುದೇನ್ರಿ? ನನಗಂತೂ ಹಂಗ ಅನಸಾಕತ್ತೈತಿ" ಎಂದರು.

ಚಹಾ ಕೊಟ್ಟರು. ಬಿಸಿ ಚಪಾತಿಯ ಮೇಲೆ ಸಕ್ಕರೆ ಹಾಕಿ ಸುತ್ತಿ ಕೊಟ್ಟರು. ತಿಂದೆ. ಕೇಳಬೇಕಾದದ್ದನ್ನು ಕೇಳದೆ ೪-೧೦ಕ್ಕೆ ಎದ್ದು ಬಂದೆ.

೫ ಮಾರ್ಚ್, ಬುಧವಾರ

ಇಂದಿನಿಂದ ಈಸ್ಟರಿನವರೆಗೆ ಉಪವಾಸದ ನಲವತ್ತು ದಿನ. ಪಾಸ್ಟರು ತಮ್ಮ ತಮ್ಮ ಸಿದ್ಧತೆ ಪರೀಕ್ಷಿಸಿಕೊಳ್ಳಿರಿ ಎಂದರು. ಮನೆಗೆ ಬಂದು ಪಟ್ಟಿ ಮಾಡಿದೆ. ಮೃತ್ಯುಪತ್ರ ನೋಂದಣಿಯಾಗಿದೆ. ಪಿಂಚಣಿಗೆ ರಜನಿಯ ಹೆಸರಿದೆ. ಬೀರುವಿನ ಕೀಲಿ ಎಲ್ಲಿದೆ ಎಂದು ಮಗಳಿಗೆ ಗೊತ್ತು. ನಾನು ಯಾರ ಮೇಲೂ ಸಿಟ್ಟು ಇಟ್ಟುಕೊಂಡಿಲ್ಲ.

ಎಲ್ಲ ತಯಾರಿದೆ. ಆದರೂ ಪಟ್ಟಿಯನ್ನು ಮೂರು ಸಲ ಓದಿದೆ. ಏನು ಕಡಿಮೆ ಬಿದ್ದಿದೆ ಎಂದು ಗೊತ್ತಾಗಲಿಲ್ಲ.

೧೨ ಮಾರ್ಚ್, ಬುಧವಾರ

ಹೇಳಬೇಕಾದ ವಾಕ್ಯವನ್ನು ಕಾಗದದಲ್ಲಿ ಬರೆದುಕೊಂಡು ಅಕ್ಕೋರ ಮನೆಗೆ ಹೋದೆ. ಕಾಗದ ಅಂಗಿಯ ಜೇಬಿನಲ್ಲೇ ಉಳಿಯಿತು.

ಅವರಿಗೆ ಪ್ರಸಾದನ ಸಾವಿನ ಸುದ್ದಿ ಯಾರೋ ಹೇಳಿದ್ದರು. "ಪಾಪ, ತಯಾರಿ ಇಲ್ಲದ ಹೋತು ಕೂಸು. ಎಲ್ಲಿ ಇಟ್ರಿ?"

"ಒಳಗ್ರೀ ಅಕ್ಕೋರ. ಕಾಲುದಾರಿ ಹತ್ರ."

ಕಾಲುದಾರಿ ಹತ್ತಿರ ಎನ್ನುವುದು ಅಳತೆಯ ಪ್ರಕಾರ ಸರಿ. ಸುಳ್ಳಲ್ಲ. ಸುಳ್ಳು ಹೇಳಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

"ನೋಡು, ಅದಕ್ಕ ನಾ ಎಲ್ಲಾರಿಗೂ ಹೇಳಾಕಿ," ಎಂದರು. "ತಯಾರಿದ್ದವರಿಗೆ ಅಂಜಿಕಿ ಇಲ್ಲ. ನನ್ನ ನೋಡು, ಯಾವಾಗ ಕರದ್ರೂ ಚಪ್ಪಲಿ ಹಾಕ್ಕೊಂಡು ಹೊಂಟಬಿಡಾಕಿ."

"ಅಲ್ಲಿ ಚಪ್ಪಲಿ ಯಾಕ್ರಿ ಅಜ್ಜೀ?" ಎಂದು ಯಾಸ್ಮಿನ ಒಳಗಿನಿಂದ ಕೂಗಿದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

೨೭ ಮಾರ್ಚ್, ಗುರುವಾರ

ಅಕ್ಕೋರು ಆಸ್ಪತ್ರೆ ಸೇರಿ ಎರಡು ದಿನ. ನ್ಯುಮೋನಿಯಾ. ಆಮ್ಲಜನಕ ೮೪ಕ್ಕೆ ಇಳಿದಿದೆ. ಈ ವಯಸ್ಸಿನಲ್ಲಿ ಏನೂ ಹೇಳಲಾಗದು ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಕೂತು ಪ್ರಾರ್ಥನೆ ಮಾಡಿದೆ.

ಏನು ಪ್ರಾರ್ಥಿಸಿದೆ ಎಂಬುದನ್ನು ಬರೆದಿಡಬೇಕು. ಅವರು ಬದುಕಲಿ, ಹೇಳಲು ನನಗೊಂದು ಅವಕಾಶ ಸಿಗಲಿ ಎಂದು ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಬೇರೆ ಮಾತು ಹೊರಟಿತು. ಅವರಿಗೆ ತಿಳಿಯುವ ಮೊದಲೇ ಕರೆದುಕೋ ಎಂದು ಬೇಡಿದೆ. ಅವರು ತಯಾರಿದ್ದಾರಲ್ಲ, ಅವರಿಗೇನು ನಷ್ಟ ಎಂದು ದೇವರಿಗೆ ಕಾರಣವನ್ನೂ ಕೊಟ್ಟೆ. ಹದಿನಾಲ್ಕನೇ ಸಾಲಿನಲ್ಲಿ ಎರಡನೇ ಜಾಗ ಖಾಲಿ ಇರುವುದು ಆಗಲೇ ಮನಸ್ಸಿಗೆ ಬಂದಿತ್ತು.

ಅಕ್ಕೋರು ಕಲಿಸಿದ ಪ್ರಾರ್ಥನೆ ಇದಲ್ಲ.

೨೮ ಮಾರ್ಚ್, ಶುಕ್ರವಾರ

ಹಾಗೇ ಇದ್ದಾರೆ. ಬರೆಯಲಾರೆ.

೩೦ ಮಾರ್ಚ್, ರವಿವಾರ

ಜ್ವರ ಇಳಿದಿದೆ. ಆಮ್ಲಜನಕ ೯೩. ಗಂಜಿ ಉಪ್ಪಾಗಿದೆ ಎಂದು ನರ್ಸಿಗೆ ಬೈದರಂತೆ. ಸುದ್ದಿ ಕೇಳಿ ನನಗೆ ಸಂತೋಷವಾಯಿತೇ ಎಂದು ರಜನಿ ಕೇಳಿದಳು. ಆಯಿತು ಎಂದೆ. ಆಯಿತು ಅನ್ನಿಸುತ್ತದೆ.

೬ ಏಪ್ರಿಲ್, ರವಿವಾರ

ಸಪ್ತಾಪುರಕ್ಕೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ. ಮಾರ್ಥವ್ವ ಒಂದು ಬುಟ್ಟಿ ಬೆಳ್ಳುಳ್ಳಿ ಮುಂದಿಟ್ಟುಕೊಂಡಿದ್ದರು, ನಾನೂ ಸುಲಿದೆ. ಜಾಗದ ಮಾತು ಎತ್ತಲಿಲ್ಲ. ಅವರೂ ತಯಾರಿಯ ಮಾತು ಎತ್ತಲಿಲ್ಲ. ಕೈ ಇನ್ನೂ ವಾಸನೆ ಹೊಡೆಯುತ್ತಿದೆ. ಕಳೆದ ವಾರವೂ ಹೋಗಿದ್ದೆ, ಬರೆಯಲು ಮರೆತೆ.

೧೩ ಏಪ್ರಿಲ್, ಗರಿಗಳ ರವಿವಾರ

ಅಕ್ಕೋರು ಮನೆಗೆ ಬಂದಿದ್ದಾರೆ. ಇವತ್ತು ಅವರೇ ಫೋನ್ ಮಾಡಿದರು.

"ಶನಿವಾರ ಸುಣ್ಣಾ ಹಚ್ಚಾಕ ಹೋಗೂಣು. ಆಟೋ ಹೇಳಿ ಇಡು."

ನಮ್ಮಲ್ಲಿ ಈಸ್ಟರಿನ ಬೆಳಗಿನ ಆರಾಧನೆ ಸ್ಮಶಾನದಲ್ಲಿ ನಡೆಯುತ್ತದೆ. ಹಿಂದಿನ ದಿನ ಮನೆಮಂದಿ ಹೋಗಿ ತಮ್ಮ ತಮ್ಮವರ ಸಮಾಧಿ ತೊಳೆದು ಸುಣ್ಣ ಹಚ್ಚುತ್ತಾರೆ. ಹದಿನಾರು ವರ್ಷದಲ್ಲಿ ಅಕ್ಕೋರು ಒಮ್ಮೆಯೂ ತಪ್ಪಿಸಿಲ್ಲ.

"ಡಾಕ್ಟರ್ ಬ್ಯಾಡ ಅಂದಾರಲ್ರಿ ಅಕ್ಕೋರ."

"ಡಾಕ್ಟರ್ ಬರೂದು ಬ್ಯಾಡ. ನೀ ಬಾ."

೧೭ ಏಪ್ರಿಲ್, ಗುರುವಾರ

ಕರ್ತನ ಭೋಜನ. ರೊಟ್ಟಿಯ ತಟ್ಟೆ ಹಿಡಿದು ಸಾಲುಗಳ ನಡುವೆ ನಡೆದವನು ನಾನೇ. ಎಲ್ಲರಿಗೂ ಕೊಟ್ಟೆ. ತಪ್ಪು ಮುಚ್ಚಿಟ್ಟವನು ಅದನ್ನು ತಿನ್ನಬಾರದು, ನಾನು ತೆಗೆದುಕೊಳ್ಳಲಿಲ್ಲ. ರಜನಿ ನೋಡಿದಳು.

೧೯ ಏಪ್ರಿಲ್, ಶನಿವಾರ

ಆಟೋದಲ್ಲಿ ಹೇಳುವುದೆಂದು ನಿರ್ಧರಿಸಿದ್ದೆ. ಆಟೋದಲ್ಲಿ ಹೇಳಲಿಲ್ಲ. ಯಾಸ್ಮಿನ ಸುಣ್ಣದ ಬಕೀಟು ಹಿಡಿದು ಕೂತಿದ್ದಳು, ಅಕ್ಕೋರು ದಾರಿಯುದ್ದಕ್ಕೂ ಬಿಸಿಲಿಗೆ ಬೈಯುತ್ತಿದ್ದರು. ಸ್ಮಶಾನದ ಗೇಟಿನ ಹತ್ತಿರ ಅವರನ್ನು ಗಾಲಿಕುರ್ಚಿಯಲ್ಲಿ ಕೂಡಿಸಿದೆವು. ಇನ್ನು ಇಪ್ಪತ್ತು ಹೆಜ್ಜೆ ಹೋದರೆ ಅವರಿಗೇ ಕಾಣುತ್ತಿತ್ತು. ಕುರ್ಚಿಯ ಮುಂದೆ ಬಂದು ನಿಂತೆ.

"ಅಕ್ಕೋರ, ನಿಮ್ಮ ಜಾಗದಾಗ ಬ್ಯಾರೆದವರನ್ನ ಇಡಿಸೇನಿ. ಫೆಬ್ರುವರಿದಾಗ. ಪುಸ್ತಕಾ ನಕಲು ಮಾಡುವಾಗ ನಿಮ್ಮ ಪುಟ ನೋಡಲಿಲ್ಲ. ತಪ್ಪು ನಂದು, ಬ್ಯಾರೆ ಯಾರದೂ ಅಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಸಂಡೇ ಸ್ಕೂಲಿನಲ್ಲಿ ಹಾಗೆ ನೋಡಿದರೆ ನಾವು ನಾವಾಗಿಯೇ ಎದ್ದು ನಿಲ್ಲುತ್ತಿದ್ದೆವು.

"ಫೆಬ್ರುವರಿ," ಎಂದರು. "ಅಂದ್ರ ಎರಡು ತಿಂಗಳಾತು. ಎರಡು ತಿಂಗಳು ನನ್ನ ಮುಂದ ಕುಂತು ಚಾ ಕುಡದೀ. ನಾ ಚಪ್ಪಲಿ ಮಾತು ಆಡಿದ್ರ ನಕ್ಕೀ."

"ಹೌದ್ರಿ."

"ದಬ್ಬು ಕುರ್ಚಿ."

ಒಂಬತ್ತನೇ ಸಾಲಿನಲ್ಲಿ ಮಾರ್ಥವ್ವ ಕುಕ್ಕರಗಾಲಿನಲ್ಲಿ ಕೂತಿದ್ದರು. ಪ್ರಸಾದನ ಮಣ್ಣಿನ ದಿಬ್ಬದ ಸುತ್ತ ಇಟ್ಟಂಗಿ ಇಟ್ಟು ಸುಣ್ಣ ಬಳಿದಿದ್ದರು. ಪಕ್ಕದ ಎಲಿಷಾ ಮಾಸ್ತರರ ಕಲ್ಲೂ ತೊಳೆದು ಸ್ವಚ್ಛವಾಗಿತ್ತು, ಅದಕ್ಕೂ ಸುಣ್ಣ ಹಚ್ಚಿಯಾಗಿತ್ತು. ಕುರ್ಚಿ ನೋಡಿ ಎದ್ದು ನಿಂತರು.

"ಇದು ನಿಮ್ಮ ಮಾಸ್ತರ ಕಲ್ಲೇನ್ರಿ ಅಕ್ಕೋರ? ಕಲ್ಲಿನ ಮ್ಯಾಲೆ ನಮ್ಮ ಮಣ್ಣು ಬಿದ್ದಿತ್ರಿ, ತಗದು ತೊಳದೆ. ಇವರಿಗೂ ಒಂದ ಕೈ ಸುಣ್ಣಾ ಹಚ್ಚೇನ್ರಿ. ನಮ್ಮ ಹುಡುಗಗ ಬಾಜೂಮನಿಯವರಲ್ಲರೀ."

ಅಕ್ಕೋರು ದಿಬ್ಬಕ್ಕೆ ನೆಟ್ಟಿದ್ದ ಶಿಲುಬೆಯ ಮೇಲಿನ ಹೆಸರು ಓದಿದರು. ವರ್ಷಗಳನ್ನೂ ಓದಿದರು. ತುಟಿ ಅಲುಗಿದ್ದು ನೋಡಿದೆ, ಲೆಕ್ಕ ಮಾಡುತ್ತಿದ್ದರು.

"ಇಪ್ಪತ್ತಾರು," ಎಂದರು. ಆಮೇಲೆ ಯಾರಿಗೆಂದು ಇಲ್ಲದೆ, "ಇಲ್ಲಿ ನಾ ಇರಬೇಕಾಗಿತ್ತು" ಎಂದರು.

ಮಾರ್ಥವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟು ಅಕ್ಕೋರ ಕಾಲ ಹತ್ತಿರ ಕೂತುಬಿಟ್ಟರು, ಸುಣ್ಣದ ಕೈಯಿಂದ ಅವರ ಕಾಲು ಮುಟ್ಟಲು ಹಿಂಜರಿಯುತ್ತ.

"ನನಗ ಗೊತ್ತಿರಲಿಲ್ರಿ ಅಕ್ಕೋರ. ಎತ್ತಸ್ತೇನ್ರಿ. ಎಲ್ಲಿ ಹೇಳ್ತೀರಿ ಅಲ್ಲಿ ಒಯ್ತೇನ್ರಿ ಅವನ್ನ."

"ಏ, ಸುಮ್ನಿರು." ಅಕ್ಕೋರ ದನಿ ಗಡುಸಾಗಿಯೇ ಇತ್ತು, ಮೃದುವಾಗಿರಲಿಲ್ಲ. "ಮಲಗಿದ ಕೂಸನ್ನ ಎಬ್ಬಸ್ತಾರೇನು ಯಾರರ?"

ಹಾಗೆ ಹೇಳುತ್ತ ಕುರ್ಚಿಯ ಹಿಡಿಕೆ ಹಿಡಿದುಕೊಂಡರು. ಯಾಸ್ಮಿನ ನೀರು ಕೊಟ್ಟಳು. ಕುಡಿಯಲಿಲ್ಲ.

ಮಾರ್ಥವ್ವ ಕೂತಲ್ಲಿಂದ ಏಳಲಿಲ್ಲ. ಆಮೇಲೆ ಅವರು ನನ್ನನ್ನು ಕೇಳಿದ್ದನ್ನೇ ಅಕ್ಕೋರನ್ನೂ ಕೇಳಿದರು. ಮಗ ಗುಡಿಗೆ ಬಾರದ ಮೂರು ವರ್ಷ, ಓಟಿ, ಕಳ್ಳ ಬಂದ ಹಾಗೆ ಬರುವ ಗಳಿಗೆ, ಎಲ್ಲ ಹೇಳಿ, "ನೀವು ದೊಡ್ಡವರ್ರಿ, ನಿಮಗ ಗೊತ್ತಿರತೈತಿ. ಅಂವಾ ತಯಾರಿದ್ನೇನ್ರಿ?" ಎಂದರು.

ನನಗೆ ಭಯವಾಯಿತು. ಈ ಪ್ರಶ್ನೆಗೆ ಅಕ್ಕೋರ ಹತ್ತಿರ ಹದಿನಾರು ವರ್ಷದಿಂದ ಉತ್ತರವಿದೆ, ಎಲ್ಲರಿಗೂ ಹೇಳುತ್ತಾರೆ. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ.

ಅವರು ಮಾಸ್ತರರ ಕಲ್ಲಿನ ಕಡೆ ತಿರುಗಿದರು.

"ನನ್ನ ಕೇಳಬ್ಯಾಡವಾ," ಎಂದರು. "ಹದಿನಾರು ವರ್ಷ ಟ್ರಂಕ್ ತುಂಬೇನಿ. ಸೀರಿ ಅದ, ಹಾಡು ಅದ, ಹೊರಾಕ ಮಂದಿ ಅದಾರ. ಅಂಜಿಕಿ ಇಲ್ಲ, ಅಂಜಿಕಿ ಇಲ್ಲ ಅಂತ ಊರಿಗೆಲ್ಲಾ ಹೇಳೇನಿ. ಈ ಮೂರು ಮೊಳ ಮಣ್ಣು ಹೋತು ಅಂತ ಗೊತ್ತಾಗಿ ಇನ್ನ ಹತ್ತು ನಿಮಿಷ ಆಗಿಲ್ಲ, ನನ್ನ ಕೈಕಾಲು ನೋಡು ಹ್ಯಾಂಗ ನಡಗಾಕತ್ತಾವ. ನಾನ ತಯಾರಿಲ್ಲ. ನಿನ್ನ ಮಗಂದು ನಾ ಏನ ಹೇಳಲಿ?"

ಮಾರ್ಥವ್ವ ತಲೆ ಎತ್ತಿ ನೋಡಿದರು.

"ಅಂವಾ ಹ್ಯಾಂಗಿದ್ದ, ಅದನ್ನ ಹೇಳು," ಎಂದರು ಅಕ್ಕೋರು.

ಮಾರ್ಥವ್ವ ಹೇಳಿದರು. ಊಟಕ್ಕೆ ಕೂಡುತ್ತಿರಲಿಲ್ಲ, ಒಲೆಯ ಹತ್ತಿರ ನಿಂತೇ ತಿನ್ನುತ್ತಿದ್ದ. ಲೇತಿನಲ್ಲಿ ಉಳಿದ ಹಿತ್ತಾಳೆ ಚೂರಿನಿಂದ ತಾಯಿಗೊಂದು ಪುಟ್ಟ ಲಟ್ಟಣಿಗೆ ಮಾಡಿ ತಂದಿದ್ದ, ಬೊಂಬೆಯಾಟಕ್ಕೂ ಸಾಲದಷ್ಟು ಪುಟ್ಟದು, ಛೇಡಿಸಲಿಕ್ಕೆಂದೇ. ಮದುವೆಯಾಗುವ ಹುಡುಗಿಗೆ ಫೋನ್ ಮಾಡುವಾಗ ಪಿ.ಜಿ.ಯ ನೀರಿನ ಟಾಕಿಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಒಮ್ಮೆ ಮಾಲಕರಿಗೆ ಎದುರು ಮಾತಾಡಿ ಕೆಲಸ ಕಳಕೊಂಡಿದ್ದ, ತಾನು ತಪ್ಪು ಮಾಡಿದ್ದಕ್ಕಲ್ಲ, ಮಷಿನಿಗೆ ಸಿಕ್ಕು ಬೇರೆಯವನ ಬೆರಳು ಹೋದದ್ದಕ್ಕೆ. ಅಕ್ಕೋರು ನಡುನಡುವೆ ಪ್ರಶ್ನೆ ಕೇಳುತ್ತಿದ್ದರು. ಯಾವ ಸಾಲಿ, ಗಣಿತ ಬರ್ತಿತ್ತೇನು, ಮಾಸ್ತರು ಯಾರು. ನಾನು ಮಾಸ್ತರರ ಕಲ್ಲಿಗೆ ಎರಡನೇ ಕೈ ಸುಣ್ಣ ಹಚ್ಚಿದೆ. ಎಷ್ಟು ಹೊತ್ತಾಯಿತು ಎಂದು ನೋಡಲಿಲ್ಲ. ಸುಣ್ಣ ಒಣಗಿತ್ತು.

ಹಿಂದಿರುಗುವಾಗ ಆಟೋದಲ್ಲಿ ಅಕ್ಕೋರು ನನ್ನ ಜೊತೆ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, ನನ್ನ ಕಡೆ ತಿರುಗದೆ, "ಅಂಜಿಕಿ ಬಂತು ಜಯಕರಾ" ಎಂದರು.

"ನನಗೂ ಅಕ್ಕೋರ" ಎಂದೆ.

೨೦ ಏಪ್ರಿಲ್, ಈಸ್ಟರ್

ಬೆಳಕು ಹರಿಯುವ ಮೊದಲೇ ಸ್ಮಶಾನದಲ್ಲಿ ಆರಾಧನೆ. ಜನ ಬಹಳ. ಅಕ್ಕೋರು ಬರಲಿಲ್ಲ. ಮಾರ್ಥವ್ವ ಬಂದಿದ್ದರು, ಎರಡೂ ಸಮಾಧಿಗೆ ಮೇಣದ ಬತ್ತಿ ಹಚ್ಚಿದರು. ಕರ್ತನು ಎದ್ದಿದ್ದಾನೆ ಎಂದು ಪಾಸ್ಟರು ಹೇಳಿದಾಗ ನಿಜವಾಗಿಯೂ ಎದ್ದಿದ್ದಾನೆ ಎಂದು ಎಲ್ಲರೂ ಉತ್ತರಿಸಿದರು. ನಾನೂ ಅಂದೆ. ಅರವತ್ತನಾಲ್ಕು ವರ್ಷದಿಂದ ಅನ್ನುತ್ತಿದ್ದೇನೆ, ಇವತ್ತು ಅಂದ ಮೇಲೆ ಒಂಬತ್ತನೇ ಸಾಲಿನ ಕಡೆ ತಿರುಗಿ ನೋಡಿದೆ.

ಅಕ್ಕೋರಿಗೆ ಫೋನ್ ಮಾಡಿದೆ. ಯಾಸ್ಮಿನ ಎತ್ತಿದಳು. "ಅಜ್ಜಿ ಎಚ್ಚರ ಅದಾರ್ರಿ ಸರ್. ಆದ್ರ ನಿದ್ದಿ ಮಾಡಾಕತ್ತಾರ ಅಂತ ಹೇಳಂದಾರ."

೨೫ ಏಪ್ರಿಲ್, ಶುಕ್ರವಾರ

ಅಕ್ಕೋರು ಕರೆಸಿದರು. ರಿಜಿಸ್ಟರ್ ತೆಗೆದುಕೊಂಡು ಬರಬೇಕೆಂದು ಹೇಳಿದ್ದರು. ಹೋದಾಗ ಕೂಡು ಎನ್ನಲಿಲ್ಲ. ನಾನೇ ಕೂತೆ. ಚಹಾ ಬಂತು, ನನಗೊಂದು ಲೋಟ ಇರಲಿಲ್ಲ. ಯಾಸ್ಮಿನ ನನ್ನ ಮುಖ ನೋಡಿದಳು, ಅಕ್ಕೋರು ಅವಳ ಮುಖ ನೋಡಿದರು.

"ಈ ಹೊಸ ಪುಸ್ತಕದಾಗ ಬದುಕಿದ್ದವರ ಪುಟ ಐತೇನು?"

"ಇಲ್ರಿ."

"ಮಾಡು."

ಕೊನೆಯ ಹಾಳೆ ತೆಗೆದು ಗೆರೆ ಹೊಡೆದೆ. ಕ್ರಮ ಸಂಖ್ಯೆ, ಹೆಸರು, ಸಾಲು, ಜಾಗ. ಮೊದಲಿಗೆ ಅವರ ಹೆಸರು ಬರೆದೆ. ಹದಿನಾಲ್ಕನೇ ಸಾಲಿನ ಎರಡನೇ ಜಾಗಕ್ಕೆ ಕಮಿಟಿಯನ್ನು ಒಪ್ಪಿಸುತ್ತೇನೆ, ನೆರಳಿದೆ, ಮಣ್ಣು ಒಳ್ಳೆಯದು ಎಂದೆ.

"ಬ್ಯಾಡ. ಮತ್ತ ಅದನ್ನ ಹಿಡಕೊಂಡು ಕುಂಡ್ರಾಕಿ ನಾ. ಗೊತ್ತಿಲ್ಲ ಅಂತ ಬರಿ."

"ರಿಜಿಸ್ಟರದಾಗ ಹಂಗ ಬರಿಯಾಕ ಬರೂದಿಲ್ರಿ ಅಕ್ಕೋರ."

"ಯಾಕ, ಖರೇ ಅಲ್ಲೇನು?"

ಖರೇ. ಬರೆದೆ. ಎರಡು ಅಂಕಣ ಸೇರಿಸಿ "ಗೊತ್ತಿಲ್ಲ" ಎಂದು ಬರೆದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಅಕ್ಷರ ಮೊದಲಿನಷ್ಟು ಛಲೋ ಉಳಿದಿಲ್ಲ ಎಂದರು. ನಿಜ.

ಪುಸ್ತಕ ಮುಚ್ಚಲು ಹೋದೆ. ಅವರು ಬೆರಳು ಅಡ್ಡ ಇಟ್ಟರು.

"ಬದುಕಿದ್ದವರ ಪುಟ ಮಾಡಿದ್ಯಲ್ಲ. ಒಬ್ಬಾಕೀದ ಐತಿ ಹೆಸರು. ಈ ಮನ್ಯಾಗ ಇನ್ನ್ಯಾರೂ ಬದುಕಿಲ್ಲೇನು?"

ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಮುಂದಿನ ಅಂಕಣದಲ್ಲಿ "ಮೇಲಿನಂತೆ" ಎಂದು ಹಾಕಿದೆ.